ಪ್ರತಿಕ್ರಿಯೆ: ಕಾರವಾರದಲ್ಲಿ ರಾಜ್ಯೋತ್ಸವ ಮೆರವಣಿಗೆ, ನಗರಸಭೆ ಅರ್ಜಿ ವಾಪಸ್ ಕೊಟ್ಟಿದೆ

ರಾಜ್ಯೋತ್ಸವ ಮೆರವಣಿಗೆಗೆ ಅನುಮತಿ ಕೇಳಿ ನಿಮ್ಮ ಸಂಘ ಕೊಟ್ಟ ಅರ್ಜಿಯನ್ನು ಕಾರವಾರ ನಗರಸಭೆಯವರು ವಾಪಸ್ ಕೊಟ್ಟಿದ್ದಕ್ಕೆ ಕಾರಣ ಬಹುಶಃ ಇಷ್ಟೇ: ಮೆರವಣಿಗೆಗೆ ಅನುಮತಿ ಕೊಡುವವರು ಪೊಲೀಸರು. ನಗರಸಭೆಯ ಪಾಲಿಗೆ ಬರುವುದು ಬ್ಯಾನರ್, ಕಮಾನು, ರಸ್ತೆ ಬದಿಯ ವೇದಿಕೆ, ಆಮೇಲಿನ ಕಸ.

ಮೊದಲು ನಗರ ಠಾಣೆಗೆ ಅರ್ಜಿ ಕೊಡಿ. ತಾರೀಕು, ಹೊರಡುವ ಮತ್ತು ಮುಗಿಯುವ ಹೊತ್ತು, ಅಂದಾಜು ಜನ, ವಾಹನಗಳ ನಂಬರ್, ಜವಾಬ್ದಾರಿ ಹೊರುವ ಇಬ್ಬರ ಮೊಬೈಲ್ ನಂಬರ್ ಅದರಲ್ಲಿರಲಿ. ಮಾರ್ಗವನ್ನು "ಊರ ಮುಖ್ಯ ಬೀದಿಗಳಲ್ಲಿ" ಎಂದು ಬರೆದರೆ ಸಾಲದು. ಮಾಲಾದೇವಿ ಮೈದಾನದಿಂದ ಹೊರಟು ಯಾವ ರಸ್ತೆ, ಯಾವ ಸರ್ಕಲ್, ಎಲ್ಲಿ ಮುಕ್ತಾಯ ಅಂತ ತಿರುವು ತಿರುವೂ ಬರೆಯಿರಿ. ರಾಷ್ಟ್ರೀಯ ಹೆದ್ದಾರಿ 66 ದಾಟದ ಮಾರ್ಗ ಸಿಕ್ಕರೆ ಅದನ್ನೇ ಆರಿಸಿ, ತಕರಾರು ಬರುವುದು ಅಲ್ಲೇ. ಧ್ವನಿವರ್ಧಕಕ್ಕೆ ಬೇರೆ ಅರ್ಜಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದೆ.

ಸ್ತಬ್ಧಚಿತ್ರದ ಲಾರಿ ಇದ್ದರೆ ವಿದ್ಯುತ್ ಕಂಪನಿ ಹೆಸ್ಕಾಂನ ಕಚೇರಿಗೂ ತಿಳಿಸಿ. ಎತ್ತರವನ್ನು ನೆಲದಿಂದ ಅಳೆಯಿರಿ, ಲಾರಿಯ ಹಲಗೆಯಿಂದಲ್ಲ. ತುದಿಯ ಬಾವುಟದ ಕೋಲೂ ಲೆಕ್ಕಕ್ಕೆ ಬರಬೇಕು, ಅದು ಕಬ್ಬಿಣದ್ದು ಬೇಡವೇ ಬೇಡ. ತಂತಿಯನ್ನು ಬಿದಿರಿನಿಂದ ಎತ್ತಿ ಲಾರಿ ದಾಟಿಸಲು ಯಾರನ್ನೂ ಬಿಡಬೇಡಿ. ಒದ್ದೆ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ, ಜೀವ ಹೋಗುತ್ತದೆ.

ಪೊಲೀಸ್ ಅನುಮತಿ ಸಿಕ್ಕ ಮೇಲೆ ಅದರ ಜೆರಾಕ್ಸ್ ಲಗತ್ತಿಸಿ ನಗರಸಭೆಯ ಪೌರಾಯುಕ್ತರ ಹೆಸರಿಗೆ ಹೊಸ ಅರ್ಜಿ ಬರೆಯಿರಿ. ಬ್ಯಾನರ್ ಎಷ್ಟು, ಎಲ್ಲಿ, ತೆಗೆಯುವುದು ಯಾವತ್ತು ಎಂಬುದನ್ನೂ ನಮೂದಿಸಿ. ಬಟ್ಟೆಯದೇ ಇರಲಿ, ಫ್ಲೆಕ್ಸ್ ಬೇಡ. ಎಲ್ಲ ಕಡೆಯೂ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಗೆ ತಾರೀಕಿನ ಸಮೇತ ಸೀಲು ಹಾಕಿಸಿಕೊಳ್ಳಿ. ನವೆಂಬರ್ 1ರ ಆಸುಪಾಸಿನಲ್ಲಿ ದೀಪಾವಳಿ ರಜೆ ಬಂದರೆ ಕಚೇರಿಯಲ್ಲಿ ಯಾರೂ ಸಿಗುವುದಿಲ್ಲ, ಠಾಣೆಯ ಅರ್ಜಿ ಈ ವಾರವೇ ಹೋಗಲಿ.