ಸೂರ್ಯಕಾಂತಿ ಅಂತ ಹೇಳಿಕೊಟ್ಟವರು ಯಾರು?

ಪ್ರಿಯ ಲೇಖಕರೇ,

ವಾಯ್ನಿಚ್ ಹಸ್ತಪ್ರತಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತಿರುವ, ಗಿಡಗಳ ಚಿತ್ರ ತುಂಬಿದ, ಇವತ್ತಿಗೂ ಯಾರಿಗೂ ಓದಲಾಗದ ಪುಸ್ತಕ ಅಂದರೆ ಕುತೂಹಲ ಇದ್ದೇ ಇರುತ್ತದೆ. ಹೊಗಳಿಕೆ ಇಷ್ಟು ಸಾಕು, ತಕರಾರಿಗೆ ಬರುತ್ತೇನೆ.

'ತಜ್ಞರ ಪ್ರಕಾರ' ಅಂತ ಒಂಬತ್ತು ಸಲ ಬರೆದಿದ್ದೀರಿ. ಪೆನ್ಸಿಲ್ ಹಿಡಿದು ಎಣಿಸಿದೆ. ಯಾವ ತಜ್ಞರು?

ಮೂರನೇ ಪ್ಯಾರಾ: 'ತಜ್ಞರ ಪ್ರಕಾರ ಇದು 1404ರಿಂದ 1438ರ ನಡುವಿನದು.' ಅದು ಅರಿಜೋನಾ ವಿಶ್ವವಿದ್ಯಾಲಯದವರು ಮಾಡಿದ ಇಂಗಾಲದ ಪರೀಕ್ಷೆ. ಅವರು ನೋಡಿದ್ದು ಹಾಳೆಗಳಿಗೆ ಬಳಸಿದ ಕರುವಿನ ಚರ್ಮವನ್ನು. ಕರು ಯಾವ ಕಾಲದ್ದು ಅಂತ ಹೇಳಬಲ್ಲರು, ಅದರ ಮೇಲೆ ಯಾವಾಗ ಬರೆದರು ಅಂತ ಅಲ್ಲ. ಅದರ ಕೆಳಗೇ, 'ತಜ್ಞರ ಪ್ರಕಾರ ಐದು ಜನ ಬರೆದಿದ್ದಾರೆ.' ಇದು ಲೀಸಾ ಫೇಗಿನ್ ಡೇವಿಸ್ ಅವರ ಮಾತು. ಮಧ್ಯಯುಗದ ಕೈಬರಹ ನೋಡುವುದೇ ಅವರ ಕಸುಬು. ಚರ್ಮದವರನ್ನೂ ಅಕ್ಷರದವರನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೀರಿ.

ಐದನೇ ಪ್ಯಾರಾ ಓದಿ ನಿಜಕ್ಕೂ ಸಿಟ್ಟು ಬಂತು. 'ಪರಿಚಯದ ಸಸ್ಯಶಾಸ್ತ್ರ ಪ್ರೊಫೆಸರಿಗೆ ಚಿತ್ರ ತೋರಿಸಿ, ಇದು ಸೂರ್ಯಕಾಂತಿ ಅಲ್ಲವೇ ಎಂದು ಕೇಳಿದೆ. ಹೌದೆಂದರು. ಹಾಗಾದರೆ ಪುಸ್ತಕ ಕೊಲಂಬಸ್ ನಂತರದ್ದೇ.' 'ಅಲ್ಲವೇ' ಅಂತ ಕೇಳಿದ ಮೇಲೆ ಉತ್ತರ ನಿಮ್ಮದೇ ಆಯ್ತಲ್ಲ! ಅವರು ಪಾಪ, ಕಾಫಿ ಕುಡಿಯುತ್ತಾ ಸುಮ್ನೆ ಹೂಂ ಅಂದಿರುತ್ತಾರೆ. 1944ರಲ್ಲಿ ಹ್ಯೂ ಓನೀಲ್ ಎಂಬ ಸಸ್ಯಶಾಸ್ತ್ರಜ್ಞರೂ ಇದನ್ನೇ ಹೇಳಿದ್ದರು. ಸೂರ್ಯಕಾಂತಿ ಅಮೆರಿಕದ ಗಿಡ, ಸರಿ. ಆದರೆ 1438 ಅಂತ ನೀವೇ ಬರೆದಿದ್ದೀರಿ. ಕೊಲಂಬಸ್ ಹಡಗು ಹತ್ತಿದ್ದು 1492ರಲ್ಲಿ. ಚರ್ಮ ಅಷ್ಟು ವರ್ಷ ಖಾಲಿ ಬಿದ್ದಿತ್ತೇ? ಇಲ್ಲಾ ಅದು ಬೇರೆ ಯಾವುದೋ ಹೂವೇ? ಇದನ್ನು ನೀವು ಯಾರನ್ನೂ ಕೇಳಿಲ್ಲ.

ಈ ಸಿಟ್ಟಿಗೆ ಕಾರಣ ಇದೆ. ಇದೇ ಕೆಲಸ ನಾನೂ ಮಾಡಿದ್ದೆ. ಪತ್ರಿಕೆ ಸೇರಿ ಆರು ತಿಂಗಳಾಗಿತ್ತು. ಒಂದು ಹಳ್ಳಿಮನೆಯ ಅಟ್ಟದಲ್ಲಿ ಹಳೇ ಕಡತ ಸಿಕ್ಕಿತು. ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಚಿದ ಕಪ್ಪು ಬಟ್ಟೆ, ಮೇಲೆ ಬಳಪದ ಬಿಳಿ ಬರಹ. ಅಕ್ಷರಗಳ ಪಕ್ಕ ಉದ್ದುದ್ದ ಗೀಟುಗಳು. ಕೆಲವು ಕಡೆ ಒಂದು, ಕೆಲವು ಕಡೆ ಎರಡು, ಮೂರು. ಗುಪ್ತಲಿಪಿಯೇ ಸಿಕ್ಕಿತು ಅಂದುಕೊಂಡೆ. ಸಂಸ್ಕೃತ ವಿದ್ವಾಂಸರೊಬ್ಬರ ಹತ್ತಿರ ಓಡಿ, 'ಮಂತ್ರದ ಸಂಕೇತ ಇರಬಹುದಾ ಸಾರ್?' ಅಂದೆ. 'ಇರಬಹುದು' ಅಂದರು. ಬರೆದೇಬಿಟ್ಟೆ.

ನಮ್ಮ ಸಂಪಾದಕರು ಓದಿದರು. ಬೈಯಲಿಲ್ಲ. ಹಿಂದೆ ಶಾನುಭೋಗರಾಗಿದ್ದ ಒಬ್ಬ ಅಜ್ಜನ ಮನೆಗೆ ಕಳಿಸಿದರು. ಅಜ್ಜ ಕಡತವನ್ನು ಕಣ್ಣ ಹತ್ತಿರ ಹಿಡಿದು, ಗೀಟಿನ ಮೇಲೆ ಬೆರಳಿಟ್ಟರು. 'ಕಾಲು, ಅರೆ, ಮುಕ್ಕಾಲು. ಭತ್ತದ ಲೆಕ್ಕ ಕಣಪ್ಪಾ. ಇವನ್ಯಾರೋ ಮುಕ್ಕಾಲು ಖಂಡುಗ ಬಾಕಿ ಉಳಿಸಿಕೊಂಡಿದ್ದಾನೆ ನೋಡು.'

ಎಷ್ಟೋ ವರ್ಷದ ಮೇಲೆ ನ್ಯೂಬೋಲ್ಡ್ ಕಥೆ ಓದಿದಾಗ ಸ್ವಲ್ಪ ಸಮಾಧಾನವಾಯಿತು. ಅವರು ಪೆನ್ಸಿಲ್ವೇನಿಯಾದ ತತ್ತ್ವಶಾಸ್ತ್ರ ಪ್ರೊಫೆಸರ್. ವಾಯ್ನಿಚ್ ಅಕ್ಷರಗಳಲ್ಲಿ ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಗೀಟುಗಳಿವೆ, ಅವೇ ಗುಪ್ತಬರಹ, ಬರೆದವನು ಹದಿಮೂರನೇ ಶತಮಾನದ ಇಂಗ್ಲಿಷ್ ಪಂಡಿತ ರೋಜರ್ ಬೇಕನ್ ಅಂತ 1921ರಲ್ಲಿ ಸಾರಿದರು. 1931ರಲ್ಲಿ ಜಾನ್ ಮ್ಯಾನ್ಲಿ ಎಂಬ ವಿದ್ವಾಂಸರು ಅದನ್ನು ಬಿಡಿಸಿ ತೋರಿಸಿದರು: ಒರಟು ಚರ್ಮದ ಮೇಲೆ ಶಾಯಿ ಒಣಗಿ ಬಿರುಕುಬಿಟ್ಟಿತ್ತು, ಅಷ್ಟೇ. ಈ ಪ್ರಸಂಗ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಲೇಖನ ವಾಪಸ್ ಕಳಿಸಿದ್ದೇನೆ. ಆ ಪ್ರೊಫೆಸರ್ ಮನೆಗೆ ಇನ್ನೊಂದು ಸಲ ಹೋಗಿ. ಪುಸ್ತಕದ ಹೆಸರು ಹೇಳಬೇಡಿ, ಬರೀ ಚಿತ್ರ ಕೊಡಿ. ಆಮೇಲೆ ಅವರು ಮಾತಾಡುವವರೆಗೂ ಬಾಯಿ ಬಿಡಬೇಡಿ.