ಮಾಸ್ತರರನ್ನು ಕೇಳಿ: ಅರ್ಧಕ್ಕೆ ಕೂಡಿಸಿದ ಮೇಲೂ ಅರ್ಧಕ್ಕಿಂತ ಕಡಿಮೆಯೇ?

ಪ್ರಶ್ನೆ: ಮಗಳು ಐದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. 1/2 + 1/3 = 2/5 ಅಂತ ಬರೆಯುತ್ತಾಳೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರೆ ಏನು ತಪ್ಪು ಅನ್ನುತ್ತಾಳೆ. ಎಲ್‌ಸಿಎಂ ತೆಗೆಯಬೇಕು ಅಂತ ನನಗೆ ಗೊತ್ತು. ಯಾಕೆ ಅಂತ ಕೇಳಿದರೆ ನನ್ನ ಹತ್ತಿರವೂ ಉತ್ತರ ಇಲ್ಲ.
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಹಾಗೆ ಎದುರು ಕೇಳುವ ಮಕ್ಕಳೇ ಮುಂದೆ ಲೆಕ್ಕದಲ್ಲಿ ಗಟ್ಟಿಯಾಗುವುದು ತಾಯಿ, ಗದರಬೇಡಿ. ಎಲ್‌ಸಿಎಂ ಸದ್ಯಕ್ಕೆ ಪಕ್ಕಕ್ಕಿಡಿ. 2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ ಅಂತ ಮಾತ್ರ ಕೇಳಿ. ಐದರಲ್ಲಿ ಅರ್ಧ ಎರಡೂವರೆ. ಎರಡು ಅದಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬರುತ್ತದಾ? ಇಷ್ಟು ಕೇಳಿ ಸುಮ್ಮನೆ ಕೂತುಬಿಡಿ. ಅವಳೇ ಪೆನ್ಸಿಲ್ ಕೆಳಗಿಡುತ್ತಾಳೆ.

ಆಮೇಲೆ ಗಡಿಯಾರದ ಲೆಕ್ಕಕ್ಕೆ ಬನ್ನಿ. ಲೋಕಲ್ ಟ್ರೈನಿನಲ್ಲಿ ಅರ್ಧ ಗಂಟೆ, ಇಳಿದು ಬಸ್ಸಿನಲ್ಲಿ ಗಂಟೆಯ ಮೂರನೇ ಒಂದು ಭಾಗ, ಅಂದರೆ 20 ನಿಮಿಷ. ಒಟ್ಟು 50 ನಿಮಿಷ. ಅವಳ 2/5 ಗಂಟೆ ಅಂದರೆ 24 ನಿಮಿಷ. ಅಷ್ಟು ಹೊತ್ತಿಗೆ ಟ್ರೈನೇ ಇಳಿದಿರುವುದಿಲ್ಲ!

ಕೆಳಗಿನ ಅಂಕಿಯನ್ನು ನಮ್ಮ ಕಾಲದಲ್ಲಿ ಛೇದ ಅನ್ನುತ್ತಿದ್ದೆವು. ಅದು ತುಂಡು ಯಾವ ಅಳತೆಯದು ಅಂತ ಹೇಳುತ್ತದೆ. ಅಂಥ ತುಂಡು ಎಷ್ಟು ಅಂತ ಹೇಳುವುದು ಮೇಲಿನ ಅಂಶ. ಇಲ್ಲಿ 30 ನಿಮಿಷದ ತುಂಡು ಒಂದು, 20 ನಿಮಿಷದ್ದು ಇನ್ನೊಂದು. ಅಳತೆ ಬೇರೆ ಬೇರೆ ಇರುವಾಗ ಎರಡು ಅಂತ ಎಣಿಸಿ ಏನು ಪ್ರಯೋಜನ? ಎರಡನ್ನೂ 10 ನಿಮಿಷದ ತುಂಡು ಮಾಡಿ. ಗಂಟೆಯಲ್ಲಿ ಅಂಥವು ಆರು. ಟ್ರೈನಿನದು ಮೂರು, ಬಸ್ಸಿನದು ಎರಡು, ಒಟ್ಟು ಐದು. ಉತ್ತರ 5/6. ಎಲ್‌ಸಿಎಂ ಮಾಡುವುದೂ ಇದನ್ನೇ. ಎರಡನ್ನೂ ಅಳೆಯಲು ಆಗುವ ಒಂದು ತುಂಡನ್ನು ಹುಡುಕಿಕೊಡುತ್ತದೆ. ಅದು ಹೊಳೆಯದಿದ್ದರೆ ಎರಡು ಛೇದಗಳನ್ನು ಗುಣಿಸಿಕೊಂಡರೂ ನಡೆಯುತ್ತದೆ, ಅಂಕಿ ಕೆಲವೊಮ್ಮೆ ದೊಡ್ಡದಾಗುತ್ತದೆ ಅಷ್ಟೇ.

ಒಂದು ವಾರ ಗಡಿಯಾರದಲ್ಲೇ ಮಾಡಿಸಿ. 1/4 + 1/3 ಅಂದರೆ 35 ನಿಮಿಷ, 7/12. 3/4 + 1/6 ಅಂದರೆ 55 ನಿಮಿಷ, 11/12. 1/2ರಲ್ಲಿ 1/5 ಕಳೆದರೆ 18 ನಿಮಿಷ, 3/10. ಎರಡರಿಂದ ಆರರವರೆಗೆ ಎಲ್ಲ ಅಂಕಿಗೂ 60 ಸರಿಯಾಗಿ ಭಾಗವಾಗುತ್ತದೆ. ಏಳರ ತಂಟೆಗೆ ಮಾತ್ರ ಹೋಗಬೇಡಿ.

ಪ್ರಶ್ನೆ: ಭಾಗಿಸಿದರೆ ಕಡಿಮೆಯಾಗಬೇಕು ಅಲ್ವಾ ಸಾರ್? 3 ಅನ್ನು 1/2ರಿಂದ ಭಾಗಿಸಿದರೆ 6 ಹೇಗೆ ಬರುತ್ತದೆ?
– ವಿದ್ಯಾರ್ಥಿ, ಮುಲುಂಡ್

ಉತ್ತರ: ನಾನು ಫೋರ್ಟ್ ಕಡೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಹುಡುಗರೆಲ್ಲ ಹಗಲು ಹೋಟೆಲಿನಲ್ಲಿ ದುಡಿದು ಬರುವವರು. ಬೋರ್ಡಿನ ಮೇಲೆ ಇದೇ ಲೆಕ್ಕ ಬರೆದರೆ ಪಿಳಿಪಿಳಿ ನೋಡುತ್ತಿದ್ದರು. 'ಮೂರು ಫುಲ್ ಚಾದಲ್ಲಿ ಕಟಿಂಗ್ ಎಷ್ಟು ಮಾಡ್ತೀರಿ?' ಅಂದರೆ ಇಡೀ ಕ್ಲಾಸು 'ಆರು ಸಾರ್' ಅನ್ನುತ್ತಿತ್ತು. ಕಟಿಂಗ್ ಅಂದರೆ ಅರ್ಧ ಚಾ. ಇದರಲ್ಲಿ ಅದು ಎಷ್ಟು ಸಲ ಇದೆ ಅಂತ ಕೇಳುವುದೇ ಭಾಗಾಕಾರ. ಗ್ಲಾಸು ಸಣ್ಣದಾದಷ್ಟೂ ಎಣಿಕೆ ಜಾಸ್ತಿ.

'ತಿರುಗಿಸಿ ಗುಣಿಸು' ಅನ್ನುವ ಸೂತ್ರವೂ ಇಲ್ಲಿಂದಲೇ ಬರುತ್ತದೆ. ಒಂದರಲ್ಲಿ 3/4 ಎಷ್ಟು ಸಲ ಇದೆ? ಒಂದು ಸಲ ಪೂರ್ತಿ ಇದೆ. ಉಳಿದ ಕಾಲು, ಮುಕ್ಕಾಲಿನ ಮೂರನೇ ಒಂದು ಭಾಗ. ಅಲ್ಲಿಗೆ 1 1/3, ಅಂದರೆ 4/3. ನೋಡಿ, ತಾನಾಗಿಯೇ ತಿರುಗಿತು. ನಮ್ಮ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ಈ ಸೂತ್ರ ಬರೆದಿಟ್ಟಿದ್ದಾರೆ. ನಿನ್ನ ಪುಸ್ತಕದಲ್ಲಿ ಅವರ ಹೆಸರಿದೆಯಾ ನೋಡು. ಇರಬೇಕಿತ್ತು.

ಪ್ರಶ್ನೆ: ಮನೆಯಿಂದ ತಿಂಡಿ ಆರ್ಡರ್ ತೆಗೆದುಕೊಳ್ಳುತ್ತೇನೆ. 20 ಜನಕ್ಕೆ ಶಿರಾ ಮಾಡಲು ಮುಕ್ಕಾಲು ಕಿಲೋ ರವೆ. ಈಗ 50 ಜನದ ಆರ್ಡರ್ ಬಂದಿದೆ. ಎಷ್ಟು ಹಾಕಲಿ?
– ಗೃಹಿಣಿ, ನೆರೂಳ್

ಉತ್ತರ: 50 ಅಂದರೆ 20ರ ಎರಡೂವರೆ ಪಟ್ಟು. ಮುಕ್ಕಾಲರ ಎರಡು ಪಟ್ಟು ಒಂದೂವರೆ ಕಿಲೋ. ಇನ್ನು ಮುಕ್ಕಾಲರ ಅರ್ಧ ಬೇಕು. ಮುಕ್ಕಾಲು ಅಂದರೆ ಮೂರು ಕಾಲು. ಪ್ರತಿ ಕಾಲನ್ನೂ ಅರ್ಧ ಮಾಡಿದರೆ ಮೂರು ಅರೆಕಾಲು, ಅಂದರೆ 3/8 ಕಿಲೋ, 375 ಗ್ರಾಂ. ಒಟ್ಟು 1 ಕಿಲೋ 875 ಗ್ರಾಂ ಆಯಿತು. ಎರಡು ಕಿಲೋ ತಂದುಬಿಡಿ, ಉಳಿದದ್ದು ಹಾಳಾಗುವುದಿಲ್ಲ. ಸಕ್ಕರೆಗೂ ಇದೇ ಲೆಕ್ಕ. ನೀರನ್ನು ಮಾತ್ರ ಕಣ್ಣುಮುಚ್ಚಿ ಎರಡೂವರೆ ಪಟ್ಟು ಮಾಡಬೇಡಿ. ದೊಡ್ಡ ಪಾತ್ರೆಯಲ್ಲಿ ಆ ಅಳತೆಗೆ ತಕ್ಕಷ್ಟು ಆವಿಯಾಗಿ ಹೋಗುವುದಿಲ್ಲ. ಸ್ವಲ್ಪ ಹಿಡಿದಿಟ್ಟುಕೊಳ್ಳಿ, ಬೇಕಾದರೆ ಆಮೇಲೆ ಬಿಸಿನೀರು ಹಾಕಿದರಾಯಿತು.

ಪ್ರಶ್ನೆ: ಚಿನ್ನದ ಮೇಲೆ 916 ಅಂತ ಯಾಕೆ ಇರುತ್ತದೆ?
– ಓದುಗರು, ಘಾಟ್‌ಕೋಪರ್

ಉತ್ತರ: ಅಪ್ಪಟ ಚಿನ್ನ 24 ಕ್ಯಾರೆಟ್. ನಿಮ್ಮದು 22. 22/24 ಅಂದರೆ 11/12. ಸಾವಿರಕ್ಕೆ ಲೆಕ್ಕ ಹಾಕಿದರೆ 916 ಚಿಲ್ಲರೆ. 12 ಗ್ರಾಂ ಸರದಲ್ಲಿ 11 ಗ್ರಾಂ ಚಿನ್ನ, ಉಳಿದ 1 ಗ್ರಾಂ ತಾಮ್ರ, ಬೆಳ್ಳಿಯಂಥ ಬೇರೆ ಲೋಹ. 18 ಕ್ಯಾರೆಟ್ ಮುಕ್ಕಾಲು ಪಾಲು ಚಿನ್ನ, ಹಾಗಾಗಿ ಅದರ ಮೇಲೆ 750 ಇರುತ್ತದೆ.