ಓದುಗರ ಪ್ರಶ್ನೆ: ಫೋಟೊದಲ್ಲಿರುವ ಹಳೇ ಕಾರು ಯಾವುದು?

ಪ್ರಶ್ನೆ: ಅಜ್ಜ ಬೀಟಲ್ ಕಾರಿನ ಹಿಂಬದಿಗೆ ಒರಗಿ ನಿಂತಿರುವ ಕಪ್ಪು-ಬಿಳುಪು ಫೋಟೊ ಸಿಕ್ಕಿದೆ. ಹಿಂದಿನ ಗಾಜು ಮೊಟ್ಟೆಯಾಕಾರದಲ್ಲಿದೆ. ಮನೆಯವರೆಲ್ಲ ಇದು 1950ರ ಫೋಟೊ ಅನ್ನುತ್ತಾರೆ. ನಿಜಾನಾ?

ಉತ್ತರ: ಸಾಧ್ಯವಿಲ್ಲ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಆ ಗಾಜಿನಲ್ಲಿ. ಮೊದಲ ಬೀಟಲ್‌ಗಳಿಗೆ ಹಿಂದೆ ಒಂದೇ ಗಾಜು ಇರಲಿಲ್ಲ. ನಡುವೆ ಒಂದು ಪಟ್ಟಿ, ಅದರ ಎರಡೂ ಕಡೆ ಪುಟ್ಟ ಗಾಜು. 1953ರ ಮಾರ್ಚ್‌ನಲ್ಲಿ ಪಟ್ಟಿ ಹೋಗಿ ಮೊಟ್ಟೆಯಾಕಾರದ ಗಾಜು ಬಂತು, 1957ರ ಆಗಸ್ಟ್‌ನಲ್ಲಿ ಅದನ್ನೂ ತೆಗೆದು ಇನ್ನೂ ಅಗಲವಾದ, ಹೆಚ್ಚುಕಡಿಮೆ ಆಯತಾಕಾರದ ಗಾಜು ಕೂರಿಸಿದರು. ನಿಮ್ಮದು ಈ ಎರಡರ ನಡುವಿನ ಗಾಡಿ. ಆಗ ಕೆಲವರು ಹಳೇ ಗಾಡಿಯ ಪಟ್ಟಿ ಕತ್ತರಿಸಿ ಹೊಸದರಂತೆ ಮಾಡಿಸಿಕೊಳ್ಳುತ್ತಿದ್ದರು ನಿಜ, ಆದರೆ ಅದಕ್ಕೂ ಹೊಸ ಮಾದರಿ ಮೊದಲು ಬರಬೇಕಲ್ವಾ?

ಇನ್ನೊಂದು ಮಾತು, ಇದನ್ನೇ ಜಾಸ್ತಿ ಜನ ಮರೆಯುತ್ತಾರೆ. ಕಾರು ಹೇಳುವುದು ಫೋಟೊ ಯಾವ ವರ್ಷಕ್ಕಿಂತ ಹಿಂದಿನದಲ್ಲ ಅನ್ನುವುದನ್ನು ಮಾತ್ರ. ಹತ್ತು ಹದಿನೈದು ವರ್ಷ ಓಡಿದ ಗಾಡಿಯ ಪಕ್ಕದಲ್ಲೂ ಅಜ್ಜ ನಿಂತಿರಬಹುದು. ಹಿನ್ನೆಲೆಯಲ್ಲಿ ಬೇರೆ ಗಾಡಿ ಇದ್ದರೆ ಅದನ್ನೂ ಗುರುತಿಸಿ. ಎಲ್ಲಕ್ಕಿಂತ ಹೊಸ ಗಾಡಿ ಯಾವುದೋ, ಫೋಟೊ ಅದಕ್ಕಿಂತ ಈಚಿನದು.

ಪ್ರಶ್ನೆ: ಲೋಗೊ ಕಾಣದಿದ್ದರೆ ಏನು ನೋಡಬೇಕು?

ಉತ್ತರ: ಲೋಗೊ ಬಿಡಿ, ಹೆಡ್‌ಲೈಟ್ ಎಲ್ಲಿದೆ ನೋಡಿ. 1948ರಲ್ಲಿ ಬಂದ ಮೊದಲ ಮಾರಿಸ್ ಮೈನರ್‌ಗಳಲ್ಲಿ ಹೆಡ್‌ಲೈಟ್ ಕೆಳಗೆ, ಗ್ರಿಲ್‌ನ ಅಕ್ಕಪಕ್ಕ ಇತ್ತು. ಆಮೇಲೆ ಹೆಡ್‌ಲೈಟ್ ಮಡ್‌ಗಾರ್ಡ್‌ನ ಮೇಲಕ್ಕೆ ಏರಿತು. ಮುಂದಿನ ಗಾಜೂ ಮೊದಲು ಎರಡು ಚಪ್ಪಟೆ ತುಂಡು, 1956ರಿಂದ ಬಾಗಿದ ಒಂದೇ ಗಾಜು. ಒಂದೇ ಹೆಸರಿನ ಕಾರಿನಲ್ಲಿ ಇಷ್ಟು ವ್ಯತ್ಯಾಸ! ಬಾನೆಟ್ ಪಕ್ಕದಲ್ಲಿ ಸಾಲಾಗಿ ಮೂರು ನಾಲ್ಕು ದುಂಡನೆಯ ತೂತು ಕಂಡರೆ ಬ್ಯೂಕ್ ಇರಬಹುದು, ಅದು ಶುರುವಾದದ್ದು 1949ರ ಮಾದರಿಯಲ್ಲಿ. ರೇಡಿಯೇಟರ್ ಕುದುರೆ ಲಾಳದ ಆಕಾರದಲ್ಲಿದ್ದರೆ ಬುಗಾಟಿ ಕಡೆಯಿಂದ ಹುಡುಕಲು ಶುರುಮಾಡಿ. ವೀಲ್ ಕಪ್, ಕನ್ನಡಿ, ಬಣ್ಣ ಇವನ್ನು ಮಾತ್ರ ನಂಬಬೇಡಿ. ಯಾರು ಬೇಕಾದರೂ ಬದಲಿಸಿರುತ್ತಾರೆ.

ಪ್ರಶ್ನೆ: ವಿಂಟೇಜ್, ಕ್ಲಾಸಿಕ್ ಎರಡೂ ಒಂದೇನಾ?

ಉತ್ತರ: ಅಲ್ಲ. ಬ್ರಿಟನ್‌ನ ಹಳೇ ಲೆಕ್ಕದಲ್ಲಿ ವಿಂಟೇಜ್ ಅಂದರೆ 1919ರಿಂದ 1930ರ ಕೊನೆಯವರೆಗೆ ತಯಾರಾದದ್ದು. ಕ್ಲಾಸಿಕ್‌ಗೆ ಅಂಥ ಒಂದೇ ಗೆರೆ ಇಲ್ಲ, ಒಂದೊಂದು ಕ್ಲಬ್‌ನದು ಒಂದೊಂದು ಲೆಕ್ಕ.

ಪ್ರಶ್ನೆ: ಕಾರು ಬ್ರಿಟನ್ನಿನದು ಅನ್ನಿಸುತ್ತದೆ, ಆದರೆ ಸ್ಟೇರಿಂಗ್ ಎಡಗಡೆ ಇದೆ. ಹೇಗೆ?

ಉತ್ತರ: ರಫ್ತಿಗೆ ಅಂತ ಎಡಗಡೆ ಸ್ಟೇರಿಂಗ್ ಇಟ್ಟ ಬ್ರಿಟಿಷ್ ಕಾರುಗಳು ಬೇಕಾದಷ್ಟಿವೆ. ಆದರೂ ಮೊದಲು ಫೋಟೊ ಎಡಬಲ ತಿರುಗಾಮುರುಗಾ ಪ್ರಿಂಟ್ ಆಗಿದೆಯಾ ನೋಡಿ. ನೆಗೆಟಿವ್ ಉಲ್ಟಾ ಇಟ್ಟರೆ ಹಾಗಾಗುತ್ತದೆ. ನಂಬರ್ ಪ್ಲೇಟ್ ಓದಲು ಬಂದರೆ ಸಂಶಯವೇ ಇಲ್ಲ. ಬರದಿದ್ದರೆ ಪಕ್ಕದಲ್ಲಿ ನಿಂತವರ ಶರ್ಟಿನ ಜೇಬು ನೋಡಿ, ಒಂದೇ ಜೇಬಿದ್ದರೆ ಅದು ತೊಟ್ಟವರ ಎದೆಯ ಎಡಕ್ಕಿರಬೇಕು, ಅಂದರೆ ಎದುರಿನಿಂದ ನೋಡುವ ನಿಮಗೆ ಬಲಗಡೆ. ಎಲ್ಲರದ್ದೂ ಅವರ ಬಲಕ್ಕಿದ್ದರೆ ಮೊಬೈಲ್‌ನಲ್ಲಿ ಚಿತ್ರದ ಎಡಬಲ ಉಲ್ಟಾ ಮಾಡಿಕೊಂಡು ಮತ್ತೆ ಹುಡುಕಿ.